ಇನ್ನೂರ ಹನ್ನೆರಡನೆಯ ಸಾಲು

ಲಿಫ್ಟು ಕೆಟ್ಟು ಒಂಬತ್ತು ದಿನವಾಗಿತ್ತು. ಅದರ ಬಾಗಿಲಿಗೆ ಅಂಟಿಸಿದ್ದ ನಿಯಮಾವಳಿ ಮಾತ್ರ ಗಟ್ಟಿಮುಟ್ಟಾಗಿಯೇ ಇತ್ತು. ಒಮ್ಮೆಗೆ ನಾಲ್ಕು ಜನ, ಸೈಕಲ್ ಒಯ್ಯುವಂತಿಲ್ಲ, ಗುಂಡಿಯನ್ನು ಒಂದು ಸಲ ಮಾತ್ರ ಒತ್ತತಕ್ಕದ್ದು. ಒಟ್ಟು ಹದಿನಾಲ್ಕು ಕಲಮು, ಕೆಳಗೆ ಕಟ್ಟಡದ ಕಾರ್ಯದರ್ಶಿಯ ಸಹಿ. ಒಂದು ಹೆಗಲಿಗೆ ಲ್ಯಾಪ್‌ಟಾಪು, ಇನ್ನೊಂದಕ್ಕೆ ಆಸ್ಪತ್ರೆಯ ಪಂಪು ತುಂಬಿದ ಚೀಲ ನೇತುಹಾಕಿಕೊಂಡು ನಿಂತಿದ್ದ ಜರಡಿ ಆ ಸಹಿಯನ್ನು ನೋಡಿ ಹಲ್ಲು ಕಚ್ಚಿದಳು. ಕಾರ್ಯದರ್ಶಿ ಬೇರೆ ಯಾರೂ ಅಲ್ಲ, ಅವಳ ಸ್ವಂತ ಸೋದರಮಾವ. ಅವರ ಒಂದೇ ಒಂದು ಒಪ್ಪಿಗೆಗಾಗಿ ಅವಳು ಹದಿನೇಳು ದಿನದಿಂದ ಮೇಲ್ ಬರೆದು, ಫೋನ್ ಮಾಡಿ, ಅಮ್ಮನ ಕೈಲಿ ಹೇಳಿಸಿ ಸುಸ್ತಾಗಿದ್ದಳು. ಕೆಟ್ಟ ಲಿಫ್ಟಿಗೆ ಪುಕ್ಕಟೆ ಸಿಕ್ಕಿದ ಸಹಿ, ಅಕ್ಕನ ಮಗಳಿಗೆ ಸಿಗುತ್ತಿಲ್ಲ.

ನಾಲ್ಕು ಅಂತಸ್ತು ಹತ್ತಬೇಕು. ಗಂಟೆ ಒಂದೂವರೆ. ಐದಕ್ಕೆ ಮೊಹರು.

ಜರಡಿ ಎಂಬುದು ಆಫೀಸಿನಲ್ಲಿ ಇಟ್ಟ ಹೆಸರು. ಬೇರೆಯವರು ಬರೆದ ಕೋಡನ್ನು ಸಾಲುಸಾಲಾಗಿ ಜಾಲಿಸಿ ಕಲ್ಲು ಹುಡುಕುವುದು ಅವಳ ಕೆಲಸ. ಹುಡುಕಿಕೊಟ್ಟಾಗ ಯಾರೂ ಖುಷಿಪಡುವುದಿಲ್ಲವೆಂಬುದೂ ಆ ಹೆಸರಿನೊಳಗೇ ಇತ್ತು. ಅವರ ಕಂಪನಿ ಆಸ್ಪತ್ರೆಗಳಿಗೆ ಪಂಪು ಮಾಡಿಕೊಡುತ್ತಿತ್ತು. ಹಾಸಿಗೆಯ ಪಕ್ಕ ನಿಂತು, ಗಂಟೆಗೆ ಇಷ್ಟೇ ಎಂದು ಅಳೆದು, ರೋಗಿಯ ನರಕ್ಕೆ ಔಷಧ ಹರಿಸುವ ಪಂಪು. ಪ್ರತಿಯೊಂದರೊಳಗೂ ಒಂದು ಪುಟ್ಟ ಕಂಪ್ಯೂಟರು, ಕಂಪ್ಯೂಟರಿನೊಳಗೆ ಕರ್ನೆಲ್. ಕರ್ನೆಲ್ ಎಂದರೆ ಉಗ್ರಾಣದ ಕೀಲಿಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಯಜಮಾನಿ ಇದ್ದ ಹಾಗೆ. ಮೋಟಾರಿಗೆ ಯಾವಾಗ ಸರದಿ, ಅಲಾರಂಗೆ ಯಾವಾಗ, ಹೊರಗಿನಿಂದ ಬಂದ ಸಂದೇಶಕ್ಕೆ ಮೆಮೊರಿಯಲ್ಲಿ ಎಷ್ಟು ಜಾಗ, ಎಲ್ಲವನ್ನೂ ಅಳೆದು ಕೊಡುವವಳು ಅವಳೇ. ಅವಳ ಕೈಯ ಅಳತೆ ತಪ್ಪಿತೋ, ಇಡೀ ಮನೆ ತಪ್ಪಿತು.

ಆ ಜಾಗ ಹಂಚುವ ಫೈಲನ್ನು ಇಪ್ಪತ್ತೆರಡು ವರ್ಷದ ಹಿಂದೆ ಬರೆದವರು ಮಾವ. ಕಂಪನಿಯಲ್ಲಿ ಒಂದು ಪದ್ಧತಿಯಿತ್ತು: ಪ್ರತಿ ಫೈಲಿಗೂ ಒಬ್ಬ ಪಾಲಕ. ಫೈಲಿನ ಮೊದಲ ಸಾಲಿನಲ್ಲೇ ಪಾಲಕನ ಹೆಸರು. ಅವನ ಒಪ್ಪಿಗೆಯಿಲ್ಲದೆ ಅಲ್ಪವಿರಾಮವನ್ನೂ ಅಲುಗಿಸುವಂತಿಲ್ಲ, ಅವನ ಒಪ್ಪಿಗೆಯಿಲ್ಲದ ಫೈಲು ಯಾವ ಯಂತ್ರಕ್ಕೂ ಹೋಗುವಂತಿಲ್ಲ. ಮಾವ ನಿವೃತ್ತರಾಗಿ ಮೂರು ವರ್ಷವಾದರೂ ಒಂಬತ್ತು ಫೈಲುಗಳಿಗೆ ಅವರೇ ಪಾಲಕರು. ಹಾಗಾದರೆ ಪಾಲಕರನ್ನು ಬದಲಾಯಿಸಬಾರದೇ? ಬದಲಾಯಿಸಬಹುದು. ಅದಕ್ಕೂ ಹಾಲಿ ಪಾಲಕರ ಒಪ್ಪಿಗೆ ಬೇಕು.

ಈ ಪದ್ಧತಿಯನ್ನು ಬರೆದಿಟ್ಟವರು ಯಾರೆಂದು ಜರಡಿ ಒಮ್ಮೆ ಹುಡುಕಿದ್ದಳು. ಅದೂ ಮಾವನೇ.

ಮೂರನೆಯ ಅಂತಸ್ತಿನಲ್ಲಿ ಚೀಲ ಇಳಿಸಿ ಉಸಿರು ಸುಧಾರಿಸಿಕೊಳ್ಳುವಾಗ ಮ್ಯಾನೇಜರ್ ಫೋನು ಬಂತು.

"ಏನಮ್ಮ ಜರಡಿ, ಆಯ್ತಾ?"

"ಇನ್ನೂ ಮೆಟ್ಟಿಲ ಮೇಲಿದ್ದೀನಿ ಸರ್."

"ನೋಡಮ್ಮ, ಐದಕ್ಕೆ ಸರಿಯಾಗಿ ಫ್ಯಾಕ್ಟರಿಯವರು ಚಿಪ್ ಬರೆಯೋಕೆ ಶುರು ಮಾಡ್ತಾರೆ. ಒಂಬತ್ತು ಸಾವಿರ ಪಂಪು. ಒಂದು ಸಲ ಬರೆದು ಮೊಹರು ಹಾಕಿದ್ರೆ ಮುಗೀತು, ಆಮೇಲೆ ದೇವರು ಬಂದ್ರೂ ಬದಲಾಯಿಸೋಕಾಗಲ್ಲ. ಅವರ ಒಪ್ಪಿಗೆ ಬಂದ್ರೆ ನಿನ್ನ ಸಾಲು ಸೇರಿಸ್ತೀನಿ. ಬರಲಿಲ್ಲ ಅಂದ್ರೆ ಹಳೇದೇ ಹೋಗುತ್ತೆ. ನನ್ನ ತಲೆ ತಿನ್ಬೇಡ."

"ತೂತು ಇರೋ ಕರ್ನೆಲ್ ಹೋಗುತ್ತೆ ಅಂತ ನಿಮಗೂ ಗೊತ್ತಲ್ವಾ ಸರ್?"

"ಗೊತ್ತಿರೋದಕ್ಕೇ ನಿನ್ನ ಕಳಿಸಿದ್ದು" ಎಂದು ಅವರು ಫೋನಿಟ್ಟರು.

ತೂತು ಅವಳ ಕಣ್ಣಿಗೆ ಬಿದ್ದದ್ದು ಒಂದು ಮಧ್ಯಾಹ್ನ, ಊಟದ ಡಬ್ಬಿ ತೆರೆಯುವ ಮುಂಚೆ. ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಒಂದು ಮಾಯದ ಅರಮನೆ ಬರುತ್ತಿತ್ತು. ರಾಜಕುಮಾರ ಕೋಣೆಯಿಂದ ಕೋಣೆಗೆ ದಾಟುತ್ತಾ ಹೋಗುತ್ತಾನೆ, ಹೋಗುತ್ತಾನೆ, ಕಟ್ಟಕಡೆಯ ಬಾಗಿಲನ್ನು ನೂಕಿದರೆ ಹೊರಟ ಕೋಣೆಯಲ್ಲೇ ನಿಂತಿರುತ್ತಾನೆ. ಕಾಲಿಗಂಟಿದ ದಾರಿಯ ಧೂಳೂ ಇಲ್ಲ. ಪಂಪಿನ ಕಂಪ್ಯೂಟರಿನ ಅಂಕಿಗಳೂ ಅಂಥ ಅರಮನೆಯಲ್ಲೇ ಓಡಾಡುತ್ತವೆ. ಅದರ ಒಂದು ಪೆಟ್ಟಿಗೆಯಲ್ಲಿ ನಾನೂರ ಇಪ್ಪತ್ತೊಂಬತ್ತು ಕೋಟಿ ಚಿಲ್ಲರೆಯವರೆಗೆ ಹಿಡಿಯುತ್ತದೆ. ಅದಕ್ಕಿಂತ ಒಂದು ಹೆಚ್ಚಾದರೂ ಮತ್ತೆ ಸೊನ್ನೆಯಿಂದ ಶುರು. ಗೊಣಗುವುದಿಲ್ಲ, ಕೂಗುವುದಿಲ್ಲ, ಏನೂ ಆಗಿಲ್ಲವೆಂಬ ಮುಖ.

ಆಸ್ಪತ್ರೆಯ ನೆಟ್‌ವರ್ಕಿನಿಂದ ಪಂಪಿಗೆ ಸಂದೇಶ ಬರುತ್ತದೆ: ಇಷ್ಟು ದಾಖಲೆ ಕಳಿಸುತ್ತೇನೆ, ಜಾಗ ಮಾಡು. ಒಂದು ದಾಖಲೆಗೆ ಹದಿನಾರು ಬೈಟ್. ಕರ್ನೆಲ್ ಎಣಿಕೆಯನ್ನು ಹದಿನಾರರಿಂದ ಗುಣಿಸಿ ಅಷ್ಟು ಜಾಗ ಬಿಡುತ್ತದೆ. ಆಸ್ಪತ್ರೆಯವರು ಕೇಳುವುದು ಮೂವತ್ತೋ ನಲವತ್ತೋ. ಆದರೆ ಆ ನೆಟ್‌ವರ್ಕಿನೊಳಗೆ ನುಸುಳಿದ ಕಳ್ಳನೊಬ್ಬ ಬೇಕೆಂದೇ ಇಪ್ಪತ್ತಾರು ಕೋಟಿ ಎಂಬತ್ತನಾಲ್ಕು ಲಕ್ಷ ಮೂವತ್ತೈದು ಸಾವಿರದ ನಾನೂರ ಐವತ್ತೇಳು ಎಂದು ಕೇಳಿದನೆನ್ನಿ. ಗುಣಿಸಿದ ಉತ್ತರ ಪೆಟ್ಟಿಗೆಯಲ್ಲಿ ಹಿಡಿಯದೆ ಅರಮನೆಯನ್ನು ಸುತ್ತಿಬಂದು ಹದಿನಾರರ ಬಳಿ ನಿಲ್ಲುತ್ತದೆ. ಅಂದರೆ ಒಂದೇ ಒಂದು ದಾಖಲೆಯ ಜಾಗ. ಕಳ್ಳ ಎರಡನೆಯದು ಕಳಿಸುತ್ತಾನೆ, ಮೂರನೆಯದು, ನೂರನೆಯದು; ಕರ್ನೆಲ್ ಅವನ್ನೆಲ್ಲ ಪಕ್ಕದವರ ಮನೆಯೊಳಗೆ ಇಳಿಸುತ್ತಾ ಹೋಗುತ್ತದೆ. ಬೇಕಾದಷ್ಟು ಕಳಿಸಿ ಅವನು ನಡುವೆಯೇ ನಿಲ್ಲಿಸಬಹುದು. ಪಕ್ಕದ ಮನೆಯಲ್ಲಿ ಇರುವುದು ಮೋಟಾರಿನ ವೇಗ. ಅದರಾಚೆಯ ಮನೆಯಲ್ಲಿ ಅಲಾರಂ.

ಬಾಗಿಲು ತೆರೆದವರು ಅತ್ತೆ. ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವ ಅತ್ತೆ ಮಧ್ಯಾಹ್ನದ ಎರಡು ಪಾಠಗಳ ನಡುವೆ ಊಟಕ್ಕೆ ಬಂದಿದ್ದರು. ಬಲಗಾಲು ಆಗಲೂ ಇಲ್ಲದ ಬ್ರೇಕನ್ನು ಹುಡುಕುತ್ತಿತ್ತು.

"ಬಾರೇ ಪುಟ್ಟಿ. ಏನೇ ಇದು, ಆಸ್ಪತ್ರೇನೇ ಹೊತ್ಕೊಂಡು ಬಂದಿದ್ದೀಯ?"

"ಮಾವ ಎಲ್ಲಿ ಅತ್ತೆ?"

"ಇನ್ನೆಲ್ಲಿ? ನೀರಿನ ವಾಲ್ವ್ ತಿರುಗಿಸೋಕೆ ಟೈಮ್‌ಟೇಬಲ್ ಹಾಕ್ತಿದ್ದಾರೆ. ಮೂವತ್ತೆರಡು ಮನೆ, ಮೂವತ್ತೆರಡು ಬಣ್ಣದ ಪೆನ್ನು. ಆಫೀಸಲ್ಲಿ ಇದ್ದಾಗ ಮನೇಲಿ ಶಾಂತಿ ಇತ್ತು ಕಣೇ."

ಮಾವ ಊಟದ ಮೇಜಿನ ತುಂಬ ಹಾಳೆ ಹರಡಿಕೊಂಡು ಕೂತಿದ್ದರು. ಬೋಳು ತಲೆ, ಹಣೆಗೇರಿಸಿದ ಕನ್ನಡಕ, ಮೂಗಿನ ಮೇಲೆ ಇನ್ನೊಂದು ಕನ್ನಡಕ. ಅವಳನ್ನು ಕಂಡು ಮುಖವರಳಿತು. ಚೀಲದಿಂದ ಇಣುಕುತ್ತಿದ್ದ ಪಂಪನ್ನು ಕಂಡು ಮುದುಡಿತು.

"ಮೇಲ್ ವಿಷಯಾನಾ?"

"ನಲವತ್ತೊಂದು ಮೇಲ್ ಮಾವ. ಒಂದನ್ನೂ ತೆಗೆದಿಲ್ಲ ನೀವು."

"ಆಫೀಸಿನ ಮೇಲ್ ನೋಡಬೇಡಿ, ಬಿಪಿ ಏರುತ್ತೆ ಅಂತ ಡಾಕ್ಟ್ರು ಹೇಳಿದ್ದಾರೆ."

"ಡಾಕ್ಟ್ರು ಉಪ್ಪು ತಿನ್ನಬೇಡಿ ಅಂತಾನೂ ಹೇಳಿದ್ರು" ಎಂದರು ಅತ್ತೆ, ತಟ್ಟೆ ಎತ್ತುತ್ತಾ. "ಅದು ಮಾತ್ರ ಕಿವಿಗೆ ಬೀಳಲಿಲ್ಲ."

ಜರಡಿ ಕೂತು, ಲ್ಯಾಪ್‌ಟಾಪು ತೆರೆದು, ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಮಾವ ಪೂರ್ತಿ ಕೇಳಿದರು. ಕೇಳಿ, ಮಗು ತನ್ನ ನೆರಳಿಗೆ ಹೆದರಿದಾಗ ದೊಡ್ಡವರು ನಗುವ ಹಾಗೆ ನಕ್ಕರು.

"ಇನ್ನೂರ ಹನ್ನೆರಡನೇ ಸಾಲು ನೋಡಿದ್ಯಾ?"

"ನೋಡಿದೀನಿ ಮಾವ."

"ಓದು."

"ಗುಣಿಸಿದ ಉತ್ತರ ಅರವತ್ತೈದು ಸಾವಿರದ ಐನೂರ ಮೂವತ್ತಾರಕ್ಕಿಂತ ಹೆಚ್ಚಿದ್ರೆ ಜಾಗ ಕೊಡಬೇಡ."

"ಮತ್ತೆ? ಯಾವನೋ ಬಂದು ಕೋಟಿಗಟ್ಟಲೆ ಕೇಳಿದ್ರೆ ಈ ಸಾಲು ಬಿಡುತ್ತಾ? ಬಾಗಿಲಲ್ಲೇ ಕುತ್ತಿಗೆ ಹಿಡಿದು ಆಚೆ ದಬ್ಬುತ್ತೆ. ಇಪ್ಪತ್ತೆರಡು ವರ್ಷದಿಂದ ಕಾವಲು ಕಾಯ್ತಿದೆ ಕಣೇ ಇದು. ನೀನಾಗ ಒಂದರಿಂದ ಹತ್ತು ಎಣಿಸೋಕೆ ಕಲೀತಿದ್ದೆ. ನಾನೇ ಕಲಿಸಿದ್ದು."

"ಸಾಲು ಸರಿ ಮಾವ, ಇರೋ ಜಾಗ ತಪ್ಪು. ಗುಣಿಸಿದ ಮೇಲೆ ಕೇಳುತ್ತೆ. ಅಷ್ಟೊತ್ತಿಗೆ ಉತ್ತರ ಸುತ್ತಿಬಂದು ಹದಿನಾರು ಆಗಿರುತ್ತೆ. ಹದಿನಾರು ಚಿಕ್ಕದು. ಒಳಗೆ ಬಿಡುತ್ತೆ."

"ಹೇಗಾಗುತ್ತೆ ಹದಿನಾರು?" ಮಾವ ನೀಲಿ ಪೆನ್ನು ಕೈಗೆತ್ತಿಕೊಂಡು, ವಾಲ್ವಿನ ಟೈಮ್‌ಟೇಬಲನ್ನು ಮಗುಚಿ, ಅದರ ಬೆನ್ನಿನ ಮೇಲೆ ಗುಣಿಸತೊಡಗಿದರು. ಅವರ ಅಂಕಿಗಳು ಮುತ್ತು ಪೋಣಿಸಿದ ಹಾಗೆ. ದಶಕ, ಬಾಕಿ, ಕೂಡಿಸು, ಇಳಿಸು. ಕೊನೆಗೆ ಉತ್ತರದ ಕೆಳಗೆ ಎರಡು ಗೆರೆ ಎಳೆದು ಹಾಳೆಯನ್ನು ಅವಳತ್ತ ತಳ್ಳಿದರು. "ನಾನೂರ ಇಪ್ಪತ್ತೊಂಬತ್ತು ಕೋಟಿ ನಲವತ್ತೊಂಬತ್ತು ಲಕ್ಷ ಅರವತ್ತೇಳು ಸಾವಿರದ ಮುನ್ನೂರ ಹನ್ನೆರಡು. ಅರವತ್ತೈದು ಸಾವಿರಕ್ಕಿಂತ ಹೆಚ್ಚೋ ಕಡಿಮೆಯೋ?"

"ಹೆಚ್ಚು."

"ಹಾಗಾದ್ರೆ ತಳ್ಳಿಹಾಕುತ್ತೆ. ಮುಗೀತಲ್ಲ?"

ಜರಡಿಗೆ ಅಳು ಬರುವುದೊಂದು ಬಾಕಿ. ಲೆಕ್ಕ ಸರಿಯಾಗಿತ್ತು, ಅದೇ ಸಂಕಟ. ಕಾಗದ ಎಷ್ಟು ಅಂಕಿ ಬರೆದರೂ ಜಾಗ ಕೊಡುತ್ತದೆ, ಸಾಲದಿದ್ದರೆ ಇನ್ನೊಂದು ಹಾಳೆ. ಯಂತ್ರದ ಪೆಟ್ಟಿಗೆ ಹಾಗಲ್ಲವೆಂದು ಈ ಮನುಷ್ಯನಿಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಆ ಪೆಟ್ಟಿಗೆಯ ಅಳತೆಯನ್ನು ಆಫೀಸಿಗೆಲ್ಲ ಪಾಠ ಮಾಡಿದವರೇ ಅವರು. ಆದರೆ ತಾನು ಬರೆದ ಸಾಲಿನ ಮುಂದೆ ಕೂತಾಗ ಮಾತ್ರ ಅವರ ತಲೆ ಕಾಗದದ ಮೇಲೆ ಲೆಕ್ಕ ಮಾಡುತ್ತಿತ್ತು.

"ಮಾವ, ಅಜ್ಜಿ ಕಥೆ ನೆನಪಿದ್ಯಾ? ಮಾಯದ ಅರಮನೆ? ಕೊನೇ ಬಾಗಿಲು ತೆಗೆದ್ರೆ ರಾಜಕುಮಾರ ಮೊದಲನೇ ಕೋಣೇಲೇ ಇರ್ತಾನಲ್ಲ..."

"ಮೊದಲನೇ ಕೋಣೆ ಅಲ್ಲ. ತೋಟ."

"ತೋಟ ಎಲ್ಲಿಂದ ಬಂತು? ಕೋಣೆ!"

"ನಮ್ಮಮ್ಮ ನನಗೆ ಹೇಳಿದ್ದು ತೋಟ. ನಿನಗೆ ಹೇಳೋ ಹೊತ್ತಿಗೆ ಅವಳಿಗೆ ಮರೆವು."

"ಅಜ್ಜಿಗೆ ಮರೆವಾ? ಅಮ್ಮನಿಗೂ ಕೋಣೆ ಅಂತಾನೇ ಹೇಳಿದ್ದು, ಬೇಕಾದ್ರೆ ಫೋನ್ ಮಾಡಿ ಕೇಳಿ!"

"ನಿಮ್ಮಮ್ಮ ಕಥೆ ಅರ್ಧ ಆಗೋ ಹೊತ್ತಿಗೆ ಗೊರಕೆ ಹೊಡೀತಿದ್ಲು."

"ಅಯ್ಯೋ ನಿಮ್ಮ!" ಎಂದು ಅತ್ತೆ ಒಳಗಿನಿಂದ ಕೂಗಿದರು. "ಗಂಟೆ ಎರಡೂಕಾಲು. ರಾಜಕುಮಾರ ತೋಟದಲ್ಲಾದ್ರೂ ಇರಲಿ, ಬಚ್ಚಲಲ್ಲಾದ್ರೂ ಇರಲಿ. ಆ ಹುಡುಗಿ ಏನೋ ಹೊತ್ಕೊಂಡು ಬಂದಿದೆ, ಅದನ್ನ ನೋಡ್ರಿ ಮೊದಲು."

ಜರಡಿ ವಾಲ್ವಿನ ಹಾಳೆಗಳನ್ನು ಒತ್ತಟ್ಟಿಗೆ ಸರಿಸಿದಳು. ಪಂಪನ್ನು ಮೇಜಿನ ಮೇಲೆ ನಿಲ್ಲಿಸಿ, ನೀರು ತುಂಬಿದ ಸಲೈನ್ ಚೀಲವನ್ನು ಕಿಟಕಿಯ ಚಿಲಕಕ್ಕೆ ನೇತುಹಾಕಿ, ಕೊಳವೆಯ ತುದಿಯನ್ನು ಒಂದು ಗಾಜಿನ ಲೋಟದೊಳಗೆ ಇಳಿಬಿಟ್ಟಳು. ಗಂಟೆಗೆ ಐದು ಮಿಲಿಲೀಟರ್ ಎಂದು ಗುಂಡಿ ಒತ್ತಿದಳು. ಪರದೆಯ ಮೇಲೆ ಹಸಿರು ಐದು ಮೂಡಿತು. ಮೋಟಾರು ಗುಟುಕುಗುಟುಕಾಗಿ ಮಿಡಿಯಿತು. ಬಹಳ ಹೊತ್ತಿನ ಮೇಲೆ ಕೊಳವೆಯ ತುದಿಯಲ್ಲಿ ಒಂದು ಹನಿ ತುಂಬಿಕೊಂಡು, ಯೋಚಿಸಿ, ಬಿತ್ತು.

"ಇದು ಮಕ್ಕಳ ವಾರ್ಡಿನ ಲೆಕ್ಕ ಅಂದ್ಕೊಳ್ಳಿ" ಎಂದಳು.

"ಸರಿ."

"ಇದರೊಳಗಿರೋದು ನಿಮ್ಮ ಕರ್ನೆಲ್ಲೇ. ಇವತ್ತು ಐದಕ್ಕೆ ಮೊಹರು ಬೀಳೋದು ಇದಕ್ಕೇನೇ. ನಾನು ಪಂಪನ್ನ ಮುಟ್ಟಲ್ಲ."

ಲ್ಯಾಪ್‌ಟಾಪಿನಲ್ಲಿ ಒಂದು ಗುಂಡಿ ಒತ್ತಿ ಕಳ್ಳನ ಸಂದೇಶವನ್ನು ಪಂಪಿಗೆ ಕಳಿಸಿದಳು. ಕ್ಷಣಹೊತ್ತು ಏನೂ ಆಗಲಿಲ್ಲ. ಮಾವ ಗೆದ್ದವರಂತೆ ಬೆನ್ನು ಕುರ್ಚಿಗಾನಿಸುವಷ್ಟರಲ್ಲಿ ಮೋಟಾರು ಹುಚ್ಚು ಹಿಡಿದಂತೆ ಗಿರ್ರೆಂದಿತು. ಹನಿ ಧಾರೆಯಾಯಿತು. ಲೋಟದ ತಳ ಮುಚ್ಚಿತು, ಎರಡು ಬೆರಳು ಏರಿತು, ಮೂರು ಬೆರಳು. ಪರದೆಯ ಮೇಲೆ ಹಸಿರು ಐದು ಹಾಗೆಯೇ ನಗುತ್ತಿತ್ತು.

"ಅಲಾರಂ..." ಎಂದರು ಮಾವ.

"ಬಡ್ಕೊಳ್ಳಲ್ಲ. ಅದರ ಮನೆಗೂ ನುಗ್ಗಿ ಆಗಿದೆ."

ಅತ್ತೆಯ ಬಲಗಾಲು ನೆಲವನ್ನು ಗಟ್ಟಿಯಾಗಿ ಒತ್ತಿತು. "ನಿಲ್ಲಿಸೇ ಪುಟ್ಟಿ, ನಿಲ್ಲಿಸು!"

ಜರಡಿ ಬ್ಯಾಟರಿ ಕಿತ್ತಳು. ಲೋಟದಲ್ಲಿ ಮುಕ್ಕಾಲು ನೀರು. ಮಾವ ಹಣೆಯ ಕನ್ನಡಕವನ್ನು ಕಣ್ಣಿಗಿಳಿಸಿ, ಕಣ್ಣಿನದನ್ನು ಹಣೆಗೇರಿಸಿ, ಮತ್ತೆ ಅದಲುಬದಲು ಮಾಡಿ, ಲೋಟವನ್ನೇ ನೋಡುತ್ತಾ ಕೂತರು.

"ಕೊಡು ಇಲ್ಲಿ ಲ್ಯಾಪ್‌ಟಾಪು."

ಅವಳ ಎದೆ ಹಗುರಾಯಿತು. ಆದರೆ ಅದು ಬಹಳ ಹೊತ್ತು ಉಳಿಯಲಿಲ್ಲ. ಮಾವ ಒಪ್ಪಿಗೆಯ ಪುಟ ತೆರೆಯಲಿಲ್ಲ. ಫೈಲನ್ನೇ ತೆರೆದು ತಾವೇ ತಿದ್ದತೊಡಗಿದರು.

"ಮಾವ, ತಿದ್ದುಪಡಿ ನಾನು ಬರೆದಾಗಿದೆ. ಒಂದೇ ಸಾಲು. ಗುಣಿಸೋದಕ್ಕೆ ಮುಂಚೆ, ಮಿತಿಯನ್ನ ಹದಿನಾರರಿಂದ ಭಾಗಿಸಿ, ಎಣಿಕೆ ಅದಕ್ಕಿಂತ ದೊಡ್ಡದಾ ಅಂತ ಕೇಳಿದ್ರೆ ಆಯ್ತು. ನಾಲ್ಕು ಸಾವಿರದ ತೊಂಬತ್ತಾರಕ್ಕಿಂತ ಹೆಚ್ಚು ದಾಖಲೆ ಯಾರು ಕೇಳಿದ್ರೂ ಬಾಗಿಲು ಹಾಕ್ಕೊಳ್ಳುತ್ತೆ. ಗುಣಾಕಾರದ ತನಕ ಹೋಗೋದೇ ಇಲ್ಲ."

"ಭಾಗಾಕಾರ ನಿಧಾನ ಕಣೇ. ಉತ್ತರದ ಪೆಟ್ಟಿಗೆ ಚಿಕ್ಕದು, ಅದೇ ತಾನೆ ತೊಂದರೆ? ಅದಕ್ಕೆ ಎರಡರಷ್ಟು ದೊಡ್ಡ ಪೆಟ್ಟಿಗೆ ಕೊಟ್ಟೆ ನೋಡು. ನನ್ನ ಇನ್ನೂರ ಹನ್ನೆರಡನೇ ಸಾಲು ಹಾಗೇ ಇರಲಿ."

ಅವಳು ನೋಡಿದಳು. ಕಣ್ಣು ಮುಚ್ಚಿ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿದಳು. ಅದನ್ನು ಕಲಿಸಿದವರೂ ಇವರೇ ಎಂದು ಹೊಳೆದು ಕೋಪ ಇನ್ನಷ್ಟು ಏರಿತು.

"ಮಾವ. ಗುಣಿಸೋ ಎರಡು ಅಂಕಿಗಳು ಯಾವ ಪೆಟ್ಟಿಗೇಲಿವೆ?"

"ಹಳೇದರಲ್ಲೇ."

"ಗುಣಾಕಾರ ಎಲ್ಲಿ ನಡೆಯುತ್ತೆ?"

"ಅವು ಇರೋ..." ಮಾವ ನಿಲ್ಲಿಸಿದರು.

"ಹಳೇ ಪೆಟ್ಟಿಗೇಲೇ ಗುಣಿಸಿ, ಅಲ್ಲೇ ಸುತ್ತು ಹೊಡೆದು ಹದಿನಾರಾಗಿ, ಆ ಹದಿನಾರನ್ನ ತಂದು ನಿಮ್ಮ ದೊಡ್ಡ ಪೆಟ್ಟಿಗೇಲಿ ಇಡುತ್ತೆ. ದೊಡ್ಡ ಪೆಟ್ಟಿಗೇಲಿ ಚಿಕ್ಕ ಹದಿನಾರು. ಏನು ಬದಲಾಯ್ತು?"

"ಗೊತ್ತು."

"ಗೊತ್ತಿದ್ರೆ ಯಾಕೆ ಬರೆದ್ರಿ?"

"ನಂಗೆ ಪಾಠ ಮಾಡ್ಬೇಡ!" ಮಾವ ಮೇಜು ಗುದ್ದಿದರು. ಲೋಟದ ನೀರು ತುಳುಕಿ, ಕೆಂಪು ಪೆನ್ನಿನಲ್ಲಿ ಬರೆದಿದ್ದ ಏಳನೆಯ ಮನೆಯ ಸರದಿಯನ್ನು ಕಲಸಿಹಾಕಿತು. "ಇದು ನಿನ್ನಂಥ ನೂರು ಜನರಿಗೆ ಅನ್ನ ಹಾಕಿದ ಕೋಡು. ಎಷ್ಟು ಆಸ್ಪತ್ರೆ, ಎಷ್ಟು ರೋಗಿಗಳು, ಒಂದು ದೂರು ಬಂದಿದ್ಯಾ? ಒಂದು? ಈಗ ನೀನು ಬಂದು, ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದೋಳು..."

"ಆರು ವರ್ಷ ಆಯ್ತು ಮಾವ."

"ಆರು ವರ್ಷ!" ಎಂದು ಅವರು ಆರನ್ನು ಅರ್ಧ ಗಂಟೆಯ ಹಾಗೆ ನುಡಿದರು.

ಜರಡಿಗೆ ಮೈಯೆಲ್ಲ ಉರಿಯಿತು. ಹದಿನೇಳು ದಿನದ ಮೇಲುಗಳು, ಮ್ಯಾನೇಜರನ ಗೊಣಗು, ನಾಲ್ಕು ಅಂತಸ್ತು, ತೋಟವೋ ಕೋಣೆಯೋ ಎಂಬ ಜಗಳ, ಎಲ್ಲ ಒಟ್ಟಿಗೆ ಬಾಯಿಗೆ ಬಂತು. ಆದರೆ ಹೊರಬಿದ್ದದ್ದು ಬೇರೆಯೇ.

"ದೂರು ಬಂದಿಲ್ಲ, ಯಾಕಂದ್ರೆ ಆಗ ಪಂಪಿಗೆ ನೆಟ್‌ವರ್ಕೇ ಇರಲಿಲ್ಲ ಮಾವ. ಎಣಿಕೆ ಕೇಳ್ತಿದ್ದೋಳು ಪಕ್ಕದಲ್ಲಿ ನಿಂತ ನರ್ಸು. ಅವಳ ಬೆರಳಿಗೆ ಮೂರಂಕಿಗಿಂತ ಜಾಸ್ತಿ ಒತ್ತೋಕೆ ಗುಂಡೀನೇ ಇರಲಿಲ್ಲ. ಅವತ್ತಿಗೆ ನಿಮ್ಮ ಸಾಲು ಸಾಕಾಗಿತ್ತು. ಈಗ ಕೇಳೋರು ಬೇರೆ. ನೀವು ತಪ್ಪು ಮಾಡಿದ್ರಿ ಅಂತ ಹೇಳೋಕೆ ನಾನು ಬಂದಿಲ್ಲ. ಐದು ಗಂಟೆ ಮೇಲೆ ಈ ತಪ್ಪನ್ನ ನೀವೂ ತಿದ್ದೋಕಾಗಲ್ಲ, ನಾನೂ ತಿದ್ದೋಕಾಗಲ್ಲ, ಅದನ್ನ ಹೇಳೋಕೆ ಬಂದೆ."

ಅತ್ತೆ ಕಾರಿನ ಕೀಲಿ ತೆಗೆದುಕೊಂಡು ಬಾಗಿಲ ಬಳಿ ನಿಂತರು. ಮೂರರ ಪಾಠಕ್ಕೆ ಹೊತ್ತಾಗಿತ್ತು.

"ರೀ, ನಾನೊಂದು ಮಾತು ಹೇಳ್ಲಾ? ನನ್ನ ಹತ್ರ ಕಾರು ಕಲಿಯೋಕೆ ಬರೋರಲ್ಲಿ ಏನೂ ಬಾರದೋರ ಭಯ ನಂಗಿಲ್ಲ. ಇಪ್ಪತ್ತು ವರ್ಷ ಓಡಿಸಿದೀನಿ, ಸುಮ್ನೆ ಲೈಸೆನ್ಸಿಗೆ ಬಂದೆ ಅಂತಾರಲ್ಲ, ಅವರು ಕೂತ್ರೆ ನನ್ನ ಕಾಲು ಬ್ರೇಕ್ ಬಿಟ್ಟು ಏಳಲ್ಲ. ಇವತ್ತು ನಿಮ್ಮ ಪಕ್ಕ ಕೂತ ಹಾಗಾಯ್ತು." ಮೆಟ್ಟಿಲಿಳಿಯುತ್ತಾ ಅವರ ಧ್ವನಿ ಮತ್ತೆ ಕೇಳಿಸಿತು: "ಆ ನೀರು ಒರೆಸಿಡಿ!"

ಮಾವ ಎದ್ದು ಬಟ್ಟೆ ತಂದರು. ನೀರು ಒರೆಸಿದರು, ಒದ್ದೆಯಾದ ಹಾಳೆಯನ್ನು ಕಿಟಕಿಗೆ ಅಂಟಿಸಿದರು, ಲೋಟವನ್ನು ಸಿಂಕಿಗೆ ಸುರಿದು ತೊಳೆದರು. ಆಮೇಲೆ ಪಂಪಿಗೆ ತಾವೇ ಬ್ಯಾಟರಿ ಸಿಕ್ಕಿಸಿ, ಮತ್ತೆ ಗಂಟೆಗೆ ಐದು ಮಿಲಿಲೀಟರಿಗೆ ಹೊಂದಿಸಿ, ಕೊಳವೆಯನ್ನು ಲೋಟದಲ್ಲಿಟ್ಟರು.

"ನಿನ್ನ ತಿದ್ದುಪಡಿ ಹಾಕು ಇದಕ್ಕೆ. ಹಾಕಿ ಅದೇ ಕಳ್ಳ ಸಂದೇಶ ಕಳಿಸು."

ಹಾಕುವುದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಸಂದೇಶ ಹೋಯಿತು. ಪಂಪು ಒಂದು ಸಲ ಸಣ್ಣಗೆ ಕೀ ಎಂದು, ಬೇಡ ಎಂಬಂತೆ ಕೆಂಪು ದೀಪ ಮಿನುಗಿಸಿ, ಮತ್ತೆ ತನ್ನ ಗುಟುಕಿಗೆ ಮರಳಿತು. ಮಾವ ಹನಿಗಳನ್ನು ಬಾಯಲ್ಲೇ ಎಣಿಸುತ್ತಾ ಕೈಗಡಿಯಾರ ನೋಡಿದರು. ಸಾಲದೆಂದು ಬೇರೆ ಬೇರೆ ಎಣಿಕೆಗಳನ್ನು ತಾವೇ ಬರೆದು ಕಳಿಸಿದರು: ಮಿತಿಗೆ ಒಂದು ಕಡಿಮೆ, ಸರಿಯಾಗಿ ಮಿತಿ, ಒಂದು ಹೆಚ್ಚು, ಪೆಟ್ಟಿಗೆ ಹಿಡಿಯುವ ಕಟ್ಟಕಡೆಯ ಅಂಕಿ, ಸೊನ್ನೆ. ಸೊನ್ನೆ ಕಳಿಸಬೇಕೆಂದು ಜರಡಿಗೂ ಹೊಳೆದಿರಲಿಲ್ಲ. ಎಲ್ಲದಕ್ಕೂ ಪಂಪು ಸರಿಯಾಗಿಯೇ ನಡೆದುಕೊಂಡಿತು.

ನಾಲ್ಕು ಗಂಟೆ ಐದು ನಿಮಿಷಕ್ಕೆ ಮಾವ ಒಪ್ಪಿಗೆಯ ಪುಟ ತೆರೆದರು. ಕಾರಣ ಬರೆಯುವ ಜಾಗದಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆದರು: ಇನ್ನೂರ ಹನ್ನೆರಡನೆಯ ಸಾಲು ನನ್ನದು, ತಪ್ಪು. ಒಪ್ಪಿದ್ದೇನೆ.

ಜರಡಿ ಉಸಿರುಬಿಟ್ಟು ಕುರ್ಚಿಯಲ್ಲಿ ಕುಸಿದಳು. ಐದು ನಿಮಿಷದಲ್ಲಿ ಮ್ಯಾನೇಜರನ ಉತ್ತರ ಬಂತು: ಸೇರಿಸಿದೆ, ಬದುಕಿದೆ. ಅವಳು ಕೊಳವೆ ಸುತ್ತಿ ಚೀಲಕ್ಕೆ ತುರುಕುತ್ತಿದ್ದಳು. ಮಾವ ಮಾತ್ರ ಲ್ಯಾಪ್‌ಟಾಪು ಬಿಟ್ಟೇಳಲಿಲ್ಲ.

"ಪುಟ್ಟಿ."

ಆ ಧ್ವನಿ ಅವಳಿಗೆ ಹಿಡಿಸಲಿಲ್ಲ.

"ಏನ್ ಮಾವ?"

"ಆ ಸಾಲನ್ನ ಕಂಡ್ರೆ ನಂಗೆ ಬಹಳ ಹೆಮ್ಮೆ ಇತ್ತು. ಬರೆದ ವರ್ಷ ಎಲ್ಲರೂ ಹೊಗಳಿದ್ರು. ಆಮೇಲೆ ನಾನು ಹೊಸ ಫೈಲು ಏನೇ ಬರೆದ್ರೂ, ಎಲ್ಲಿ ಗುಣಾಕಾರ ಬರುತ್ತೋ ಅಲ್ಲಿ..." ಅವರು ಪರದೆಯನ್ನು ಅವಳತ್ತ ತಿರುಗಿಸಿದರು. "ಹುಡುಕಿ ನೋಡಿದೆ. ಇನ್ನೂ ಹನ್ನೊಂದು ಕಡೆ ಇದೆ."

ಜರಡಿ ಪರದೆಯನ್ನು ನೋಡಿದಳು. ಮಾವನನ್ನು ನೋಡಿದಳು. ಹದಿನೇಳು ದಿನ ಒಂದಕ್ಕಾಗಿ. ಈಗ ಹನ್ನೊಂದು, ನಲವತ್ತೈದು ನಿಮಿಷಕ್ಕೆ. ಅವಳು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. ತಾನು ಜಾಲಿಸಿದ್ದು ಆ ಒಂದು ಫೈಲನ್ನು ಮಾತ್ರ. ಉಳಿದ ಎಂಟು ಅವಳ ಪಾಲಿಗೆ ಬಂದಿರಲಿಲ್ಲ, ಬರಲಿ ಎಂದು ಅವಳು ಕೇಳಿಯೂ ಇರಲಿಲ್ಲ. ಆ ಸಿಟ್ಟನ್ನು ಯಾರ ಮೇಲೆ ಹಾಕುವುದೆಂದೂ ತಿಳಿಯಲಿಲ್ಲ.

ಮ್ಯಾನೇಜರನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು.

"ಹನ್ನೊಂದಾ?" ಎಂದರು ಅವರು. "ನೋಡಮ್ಮ, ಒಂದು ಸರಿಹೋಯ್ತಲ್ಲ? ಮಿಕ್ಕಿದ್ದು ಮುಂದಿನ ಆವೃತ್ತೀಲಿ ನೋಡೋಣ."

"ಮೊಹರು ಹಾಕಿದ ಪಂಪಿಗೆ ಮುಂದಿನ ಆವೃತ್ತಿ ಎಲ್ಲಿಂದ ಬರುತ್ತೆ ಸರ್? ಮಧ್ಯಾಹ್ನ ನೀವೇ ಹೇಳಿದ್ರಿ, ದೇವರು ಬಂದ್ರೂ ಆಗಲ್ಲ ಅಂತ."

"ಒಂಬತ್ತು ಸಾವಿರ ಪಂಪು ಕಾಯ್ತಿದೆ! ಫ್ಯಾಕ್ಟರೀಲಿ ನಲವತ್ತು ಜನ ಕೂತಿದ್ದಾರೆ! ನಿನ್ನ ಮಾತು ಕೇಳಿ ನಿಲ್ಲಿಸಿದ್ರೆ ನನ್ನ ಚರ್ಮ ಸುಲೀತಾರೆ. ಆಗಲ್ಲ ಅಂದ್ರೆ ಆಗಲ್ಲ."

ಜರಡಿ ಬಾಯಿ ತೆರೆಯುವಷ್ಟರಲ್ಲಿ ಮಾವ ಫೋನನ್ನು ತಮ್ಮತ್ತ ಎಳೆದುಕೊಂಡರು. ಲಿಫ್ಟಿನ ಬಗ್ಗೆ, ನೀರಿನ ಬಗ್ಗೆ ಕಟ್ಟಡದ ಸಭೆಯಲ್ಲಿ ಮಾತಾಡುವ ಅದೇ ತಣ್ಣನೆಯ ಧ್ವನಿಯಲ್ಲಿ ಕೇಳಿದರು:

"ಪಾಲಕನ ಒಪ್ಪಿಗೆ ಇಲ್ಲದ ಫೈಲು ಯಂತ್ರಕ್ಕೆ ಹೋಗಬಹುದೇನಪ್ಪ?"

"ಓ, ಸರ್, ನೀವಾ? ನಮಸ್ಕಾರ. ಇಲ್ಲ ಸರ್, ಹೋಗಲ್ಲ. ಆದ್ರೆ ನಿಮ್ಮ ಒಪ್ಪಿಗೆ ಎಲ್ಲಕ್ಕೂ ಇದೆಯಲ್ಲ, ಹಳೇದು..."

"ಇತ್ತು."

ಮಾವ ಒಂದೊಂದೇ ಫೈಲು ತೆರೆದು, ಒಪ್ಪಿಗೆ ಹಿಂತೆಗೆದುಕೊಂಡಿದ್ದೇನೆ ಎಂಬಲ್ಲಿ ಗುರುತು ಹಾಕುತ್ತಾ ಹೋದರು. ಒಂದು, ಎರಡು, ಮೂರು. ಪ್ರತಿಯೊಂದಕ್ಕೂ ಮ್ಯಾನೇಜರನ ಕಂಪ್ಯೂಟರಿನಲ್ಲಿ ಟಿಣ್ ಎಂಬ ಸದ್ದಾಗುವುದು ಫೋನಿನಲ್ಲಿ ಕೇಳುತ್ತಿತ್ತು. ಐದನೆಯ ಟಿಣ್‌ಗೆ ಅವರು "ಸರ್, ಸರ್, ದಯವಿಟ್ಟು" ಎಂದರು. ಎಂಟನೆಯದಕ್ಕೆ ಅವರು ಕುರ್ಚಿ ತಳ್ಳಿ ಎದ್ದ ಸದ್ದು ಕೇಳಿತು.

"ಈಗ ಫ್ಯಾಕ್ಟರಿಯವರಿಗೆ ಹೇಳು, ನಿಲ್ಲಿಸಿದ್ದು ನೀನಲ್ಲ, ನಾನು ಅಂತ. ನನ್ನ ಚರ್ಮ ಸುಲಿಯೋಕೆ ನಾಲ್ಕು ಅಂತಸ್ತು ಹತ್ತಿ ಬರಬೇಕು."

"ಎಷ್ಟು ದಿನ ಬೇಕು ಸರ್?" ಮ್ಯಾನೇಜರನ ಧ್ವನಿ ಬಾವಿಯೊಳಗಿಂದ ಬಂದಂತಿತ್ತು.

ಮಾವ ಜರಡಿಯತ್ತ ನೋಡಿದರು. ಜರಡಿ ಎರಡು ಬೆರಳು ತೋರಿಸಿದಳು. "ನಾಲ್ಕು" ಎಂದರು ಮಾವ. ಫೋನಿಟ್ಟ ಮೇಲೆ ಅವಳು ಯಾಕೆಂದು ಕೇಳಿದಳು.

"ನೀನು ಬರೆಯೋಕೆ ಎರಡು. ನಾನು ಓದೋಕೆ ಎರಡು."

ಇನ್ನು ಮನೆಗೆ ಹೋಗುವ ಮಾತಿರಲಿಲ್ಲ. ಅವಳು ಚೀಲದಿಂದ ಪಂಪನ್ನು ಮತ್ತೆ ಹೊರತೆಗೆದಳು. ಮಾವ ಅಡುಗೆಮನೆಗೆ ಹೋಗಿ ಎರಡು ಲೋಟ ಕಾಫಿ ತಂದರು. ಸಕ್ಕರೆ ಮರೆತಿದ್ದರು, ಅವಳು ಸುಮ್ಮನೆ ಕುಡಿದಳು. ಹೊರಗೆ ಬಿಸಿಲು ಇನ್ನೂ ಗಟ್ಟಿಯಾಗಿತ್ತು, ಕೆಳಗಿನ ರಸ್ತೆಯಲ್ಲಿ ಯಾರೋ ಗೇರು ಕಿರುಗುಟ್ಟಿಸಿದರು, ಅತ್ತೆ ಯಾರನ್ನೋ ಬೈಯುವುದು ನಾಲ್ಕನೆಯ ಅಂತಸ್ತಿಗೂ ಸ್ಪಷ್ಟವಾಗಿ ಕೇಳಿಸಿತು.

ಮೊದಲು ಅಲಾರಂ ಫೈಲು. ಮಾವ ಬರೆದ ಸಾಲಿಗೆ ಮುಂಚೆ, ಗುಣಾಕಾರಕ್ಕೂ ಮುಂಚೆ, ಜರಡಿ ತನ್ನ ಪ್ರಶ್ನೆಯನ್ನು ಬರೆದಳು. ಹಿಂದಕ್ಕೆ ಸರಿದು ಪರದೆಯನ್ನು ಅವರತ್ತ ತಿರುಗಿಸಿದಳು. ಮಾವ ಸರಿಯಾದ ಕನ್ನಡಕ ಯಾವುದೆಂದು ಹುಡುಕಿ ಏರಿಸಿಕೊಂಡು, ಬೆರಳಿಟ್ಟು ಮೂರು ಸಲ ಓದಿದರು. ತುಟಿ ಅಲುಗುತ್ತಿತ್ತು. ಅವಳು ಕಾದಳು.

"ಸರಿ ಇದೆ" ಎಂದರು ಕೊನೆಗೆ. "ಆದ್ರೆ ಕಂಸದ ಮುಂದೆ ಒಂದು ಸ್ಪೇಸು ಜಾಸ್ತಿ ಆಗಿದೆ."

ಜರಡಿ ಅವರ ಮುಖವನ್ನೇ ಒಂದು ನಿಮಿಷ ದಿಟ್ಟಿಸಿದಳು. ಆಮೇಲೆ ಸ್ಪೇಸನ್ನು ಅಳಿಸಿದಳು.